ಕಪ್ಪಾದ ಬೆಳ್ಳಿಗೆ ಒಂದು ಉದಾಹರಣೆ ವಾಕ್ಯ

ನಮ್ಮ ಬ್ಲಾಕಿನ ನಾಲ್ಕನೇ ಮಹಡಿಯ ಅಕ್ಕನ ಮನೆಗೆ ಶಾಲೆ ಬಿಟ್ಟ ಮೇಲೆ ಐದು ಮಕ್ಕಳು ಬರುತ್ತಿದ್ದರು. ಹೋದ ವರ್ಷ ನವರಾತ್ರಿಗೆ ಇನ್ನೂ ಹದಿನೈದು ದಿನ ಇರುವಾಗ ಒಂದೇ ವಾರದಲ್ಲಿ ಅವರಲ್ಲಿ ಮೂವರು ಬರುವುದು ನಿಂತುಹೋಯಿತು. ನಿಲ್ಲಿಸಿದ್ದು ನಾನು ಬರೆದ ಮೂರು ಇಂಗ್ಲಿಷ್ ವಾಕ್ಯಗಳು. ಆ ವಾಕ್ಯಗಳನ್ನು ಬರೆದ ದಿನ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಟ್ರೈನಿನಲ್ಲಿ ಪಕ್ಕ ಕೂತಿದ್ದವರಿಗೆ ತೋರಿಸಬೇಕು ಅನ್ನಿಸಿತ್ತು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಓದಿದ್ದು ಮಂಡ್ಯದ ಹತ್ತಿರ, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಇಂಗ್ಲಿಷನ್ನು ಯಾರೂ ನನ್ನನ್ನು ಕೂರಿಸಿಕೊಂಡು ಕಲಿಸಲಿಲ್ಲ. ಡಿಕ್ಷನರಿ, ಬಿಸ್ಕತ್ ಪ್ಯಾಕಿನ ಹಿಂಬದಿ, ಮೊಬೈಲಿನ ವಿಡಿಯೋ, ಆಫೀಸಿನ ಮೇಲ್, ಎಲ್ಲಿ ಪದ ಸಿಕ್ಕಿತೋ ಅಲ್ಲಿಂದ ಎತ್ತಿಕೊಂಡೆ. ಈಗ ದೇಶ ಬಿಟ್ಟು, ಚೀನೀಯರೇ ಹೆಚ್ಚಿರುವ ಈ ದ್ವೀಪದಲ್ಲಿ, ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವ ಕೆಲಸ. ಬಾಡಿಗೆ ರೂಮು ಬುಕಿತ್ ಬಾಟೋಕ್‌ನಲ್ಲಿ. ಅಂದರೆ ದಿನಾ ಊರಿನ ಈ ತುದಿಯಿಂದ ಆ ತುದಿಗೆ ಪ್ರಯಾಣ. ಎಂಆರ್‌ಟಿ ಟ್ರೈನಿನಲ್ಲಿ ಕೂತಷ್ಟು ಹೊತ್ತೂ ಪದಗಳದ್ದೇ ಧ್ಯಾನ. ಕೈಯಗಲದ ಕಾರ್ಡುಗಳನ್ನು ಕತ್ತರಿಸಿಟ್ಟುಕೊಂಡು ಒಂದು ಕಡೆ ಪದ, ಇನ್ನೊಂದು ಕಡೆ ಉದಾಹರಣೆ ವಾಕ್ಯ ಬರೆಯುತ್ತಿದ್ದೆ. ಆಫೀಸಿನಲ್ಲಿ ಇದನ್ನು ಹುಚ್ಚು ಅನ್ನುತ್ತಿದ್ದರು. ನಾನೂ ಇಲ್ಲ ಅನ್ನುತ್ತಿರಲಿಲ್ಲ.

ಈ ಹುಚ್ಚಿಗೆ ಶಿಷ್ಯರು ಸಿಕ್ಕಿದ್ದು ಲಿಫ್ಟಿನ ಮುಂದೆ. ನೀರಿನ ಪೈಪುಗಳನ್ನು ಬದಲಾಯಿಸುತ್ತೇವೆ ಅಂತ ಒಂದು ನೋಟಿಸ್ ಅಂಟಿಸಿದ್ದರು. ಅದರ ಮುಂದೆ ಒಬ್ಬ ಚೀನೀ ಹೆಂಗಸು ಕನ್ನಡಕ ಮೇಲೆ ಕೆಳಗೆ ಮಾಡುತ್ತಾ ನಿಂತಿದ್ದರು. ಎದುರಿನ ಹಾಕರ್ ಸೆಂಟರಿನಲ್ಲಿ, ಅಂದರೆ ಒಂದೇ ಸೂರಿನ ತಿಂಡಿ ಅಂಗಡಿಗಳ ಸಾಲಿನಲ್ಲಿ, ಸೋಯಾ ಹಾಲು ಮಾರುವವರು, ಅರವತ್ತು ದಾಟಿದವರು. ಮುಖ ಪರಿಚಯವಿತ್ತು. ಕರೋಡೆಡ್ ಅನ್ನುವ ಪದದ ಮೇಲೆ ಬೆರಳಿಟ್ಟು ಏನು ಇದು ಅಂತ ಕೇಳಿದರು. ನಾನು ಅಲ್ಲೇ ಪಕ್ಕದ ಕಂಬಿಯ ತುಕ್ಕನ್ನು ಉಗುರಿನಿಂದ ಕೆರೆದು ತೋರಿಸಿ, ಇದೇ ಒಳಗೊಳಗೆ ತಿನ್ನುತ್ತಾ ಹೋದರೆ ಅದು ಅಂದೆ. ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಮುಂದಿನ ಭಾನುವಾರ ಇನ್ನಿಬ್ಬರು ಗೆಳತಿಯರನ್ನು ಕರೆದುಕೊಂಡು ಬಂದರು. ಬ್ಲಾಕಿನ ಕೆಳಗೆ ಖಾಲಿ ಬಿಟ್ಟಿರುವ ವಾಯ್ಡ್ ಡೆಕ್‌ನ ಕಲ್ಲುಮೇಜೇ ಕ್ಲಾಸು. ಮೂವರೂ ಮನೆಯಲ್ಲಿ ಚೀನೀ ಮಾತಾಡುವವರು. ನನ್ನನ್ನು ಲಾವೊಶಿ ಅನ್ನುತ್ತಿದ್ದರು, ಹಾಗೆಂದರೆ ಮೇಷ್ಟ್ರು. ಇಪ್ಪತ್ತಾರು ವರ್ಷದ ನನಗೆ, ಅಮ್ಮನಿಗಿಂತ ದೊಡ್ಡವರಿಂದ. ನಾನು ಅವರಲ್ಲಿ ಮೊದಲನೆಯವರನ್ನು ಸೋಯಾ ಆಂಟಿ ಅನ್ನುತ್ತಿದ್ದೆ.

ನನ್ನದೊಂದು ನಿಯಮವಿತ್ತು. ಪುಸ್ತಕದ ಉದಾಹರಣೆ ಕೊಡುವುದಿಲ್ಲ, ಎಲ್ಲವೂ ನಿಜ ಜೀವನದ್ದೇ. ಪದ ಕಣ್ಣಿಗೆ ಕಂಡ ವಸ್ತುವಿಗೆ ಅಂಟಿಕೊಂಡರೆ ಬಿಡುವುದಿಲ್ಲ, ನಾನು ಕಲಿತಿದ್ದೇ ಹಾಗೆ. ಪ್ರತಿ ಕ್ಲಾಸಿನ ಮೊದಲು ಇದನ್ನು ಹೇಳುತ್ತಿದ್ದೆ, ದೊಡ್ಡ ಸಿದ್ಧಾಂತದ ಹಾಗೆ. ಅವರದ್ದೂ ಒಂದು ನಿಯಮವಿತ್ತು. ಚಿಕ್ಕವರಿದ್ದಾಗ ಶಾಲೆಯಲ್ಲಿ ಪಾಠ ಕಲಿತ ರೀತಿಯಂತೆ ಅದು. ಪದವನ್ನಲ್ಲ, ಇಡೀ ವಾಕ್ಯವನ್ನೇ ಬಾಯಿಪಾಠ ಮಾಡಬೇಕು, ಎಲ್ಲೂ ತಡವರಿಸದೆ ಬಾಯಿಂದ ಉರುಳಿ ಬರುವವರೆಗೆ ಗಟ್ಟಿಯಾಗಿ ಹೇಳಬೇಕು. ಸೋಯಾ ಆಂಟಿ ನನ್ನ ಕಾರ್ಡನ್ನು ಅಂಗಡಿಯ ಸ್ಟೀಲ್ ಕೌಂಟರಿಗೆ ಟೇಪ್ ಹಾಕಿ ಅಂಟಿಸಿಕೊಂಡು, ಲೋಟ ತುಂಬಿಸುತ್ತಾ ಹೇಳುತ್ತಿದ್ದರು. ಒಂದು ಲೋಟಕ್ಕೆ ಒಂದು ಸಲ. ನನಗೆ ಅದನ್ನು ನೋಡಿ ಹೆಮ್ಮೆಯಾಗುತ್ತಿತ್ತು.

ಪೈಪಿನ ನೋಟಿಸಿನಿಂದ ಶುರುವಾಗಿದ್ದರಿಂದ ಲೋಹದ ಪದಗಳಿಗೇ ಎರಡು ವಾರ ಇಟ್ಟೆ. ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು, ಬೆಳ್ಳಿಗೆ ಮಾಸಲು ಕಪ್ಪು. ಇಂಗ್ಲಿಷಿನಲ್ಲಿ ರಸ್ಟ್, ವರ್ಡಿಗ್ರಿಸ್, ಟಾರ್ನಿಶ್. ಎರಡನೇ ವಾರ ಅದೇ ಪದಗಳನ್ನು ಮನುಷ್ಯರ ಹೆಸರಿಗೆ ಹೇಗೆ ಹಚ್ಚುತ್ತಾರೆ ಅಂತ ತೋರಿಸುವುದು. ನಾವು ಹೆಸರಿಗೆ ಮಸಿ ಬಳಿದರು ಅನ್ನುವುದಿಲ್ಲವೇ, ಹಾಗೆ. ಸೋಯಾ ಆಂಟಿ ಮೇಜಿನ ಮೇಲೆ ನೀರಿನಲ್ಲಿ ಬೆರಳದ್ದಿ ಒಂದು ಚೀನೀ ಅಕ್ಷರ ಬರೆದು ತೋರಿಸಿದರು. ಅವರಲ್ಲಿ ಹೆಸರು ಕೆಡುವುದಕ್ಕೆ ಬಳಸುವ ಮಾತಿನಲ್ಲಿ ಜೇಡ್ ಕಲ್ಲಿನ ಗುರುತು ಇದೆಯಂತೆ. ಶುಭ್ರವಾದ ಕಲ್ಲಿನ ಮೇಲೆ ಒಂದು ಚುಕ್ಕೆ. ನಾನು ಅದನ್ನು ಪುಸ್ತಕಕ್ಕೆ ಇಳಿಸಿಕೊಂಡು, ಇವರಿಗೆ ಎಂಥ ವಾಕ್ಯ ಕೊಡಬೇಕು, ಲೋಹವೂ ಇರಬೇಕು, ಹೆಸರೂ ಇರಬೇಕು, ಅಂತ ಯೋಚಿಸತೊಡಗಿದೆ.

ಅದೇ ಹೊತ್ತಿಗೆ ಓನರ್ ಆಂಟಿ ಬೆಳ್ಳಿ ತಿಕ್ಕಲು ಕೂತಿದ್ದರು. ನಾನು ಬಾಡಿಗೆಗಿರುವ ಏಳನೇ ಮಹಡಿಯ ಮನೆ ಅವರದು. ಮೈಸೂರಿನವರು, ಇಪ್ಪತ್ತು ವರ್ಷದಿಂದ ಇಲ್ಲೇ. ಇಲ್ಲಿ ನಮ್ಮವರ ನಡುವೆ ಹಬ್ಬಕ್ಕೆ ಬೆಳ್ಳಿ ಕೈ ಬದಲಾಗುತ್ತದೆ. ಊರಿನ ಲಾಕರಿನಲ್ಲಿರುವ ಎಲ್ಲವನ್ನೂ ಇಲ್ಲಿಗೆ ತಂದಿಟ್ಟುಕೊಂಡವರು ಯಾರೂ ಇಲ್ಲ. ಒಬ್ಬರ ಮನೆಯಲ್ಲಿ ಲಕ್ಷ್ಮಿಯ ಮುಖವಾಡ, ಇನ್ನೊಬ್ಬರ ಮನೆಯಲ್ಲಿ ಕಲಶದ ಚೊಂಬು. ವರಮಹಾಲಕ್ಷ್ಮಿ ಹಬ್ಬಕ್ಕೆ ನಾಲ್ಕನೇ ಮಹಡಿಯ ಅಕ್ಕ ಇವರಿಂದ ಕುಂಕುಮದ ಭರಣಿ ತೆಗೆದುಕೊಂಡು ಹೋಗಿದ್ದರು, ಆಮೇಲೆ ತಂದುಕೊಟ್ಟಿದ್ದರು. ಈಗ ಆಂಟಿ ಅದನ್ನು ಚೀಲದಿಂದ ತೆಗೆದು ಬೆಳಕಿಗೆ ಹಿಡಿದು ಮೂಗು ಮುರಿದರು.

“ನಮ್ದು ಕನ್ನಡಿ ಥರ ಇತ್ತು ಕಣೆ. ಇದು ನೋಡು, ಸೀಸದ ಥರ ಇದೆ. ಬದಲಾಯಿಸಿಬಿಟ್ಟಿದಾಳೇನೋ.”

ತಮ್ಮದಲ್ಲದ್ದನ್ನು ತಾವೇಕೆ ತಿಕ್ಕಬೇಕು ಅಂತ ಅದನ್ನು ಹಾಗೇ ಚೀಲಕ್ಕೆ ಹಾಕಿ ಬೀರುವಿನ ಮೂಲೆಗೆ ತಳ್ಳಿದರು. ನಾನು ಹೂಂ ಅಂದೆ ಅಷ್ಟೆ. ನಂಬಬೇಕೋ ಬೇಡವೋ ಅಂತ ನಾನು ಯೋಚಿಸಲೇ ಇಲ್ಲ. ನನ್ನ ತಲೆಯಲ್ಲಿ ಆಗಲೇ ವಾಕ್ಯ ಕೂಡಿಕೊಳ್ಳುತ್ತಿತ್ತು. ಮಾರನೆಯ ದಿನ ಜುರಾಂಗ್ ಈಸ್ಟ್‌ನಲ್ಲಿ ಟ್ರೈನ್ ಬದಲಾಯಿಸಿ ಸೀಟು ಸಿಕ್ಕಿದ ತಕ್ಷಣ ಕಾರ್ಡಿಗೆ ಇಳಿಸಿದೆ. ನಾಲ್ಕನೇ ಮಹಡಿಯ ಹೆಂಗಸು ಒಂದು ಬೆಳ್ಳಿಯ ಡಬ್ಬಿ ಎರವಲು ಪಡೆದಳು. ಅದು ಕಪ್ಪಾಗಿ ವಾಪಸ್ಸು ಬಂತು. ಈಗ ಅವಳ ಹೆಸರೂ ಕಪ್ಪಾಗಿದೆ.

ನಾಲ್ಕನೇ ಮಹಡಿ ಅಂತ ಯಾಕೆ ಬರೆದೆ ಅಂತ ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಕಾರಣ ಕೇಳಿದರೆ ನಿಮಗೆ ನಗು ಬರಬಹುದು. ಲೋಹದ ಪದಗಳಿಗೂ ಮುಂಚಿನ ವಾರ ಫಸ್ಟ್, ಸೆಕೆಂಡ್, ಥರ್ಡ್, ಫೋರ್ತ್ ಕಲಿಸಿದ್ದೆ, ಅದು ರಿವಿಷನ್ ಆಗಲಿ ಅಂತ. ಹೆಸರು ಹಾಕಿಲ್ಲವಲ್ಲ, ಮತ್ತೇನು ತೊಂದರೆ ಅಂತಲೂ ಅನ್ನಿಸಿರಬೇಕು. ಆ ಭಾನುವಾರ ಮೂವರಿಗೂ ಒಂದೊಂದು ಕಾರ್ಡು ಕೊಟ್ಟೆ, ಇಪ್ಪತ್ತು ಸಲ ಗಟ್ಟಿಯಾಗಿ ಹೇಳಿ ಅಂದೆ.

ಹತ್ತು ದಿನದ ನಂತರ ಅಕ್ಕ ನನ್ನ ರೂಮಿಗೆ ಬಂದರು. ಸಂಜೆ, ನಾನು ಆಗ ತಾನೇ ಆಫೀಸಿನಿಂದ ಬಂದು ಬ್ಯಾಗು ಇಳಿಸಿದ್ದೆ. ಅವರ ಗಂಡ ಪಾಸಿರ್ ಪಂಜಾಂಗ್ ಬಂದರಿನಲ್ಲಿ ಶಿಫ್ಟ್ ಕೆಲಸ ಮಾಡುವವರು. ಅಕ್ಕ ಆರು ವರ್ಷದಿಂದ ಬ್ಲಾಕಿನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾರೆ. ಊಟ ಹಾಕಿ, ಹೋಂವರ್ಕ್ ಮಾಡಿಸಿ, ಅಪ್ಪ ಅಮ್ಮ ಬರುವವರೆಗೆ. ಬೋರ್ಡು ಇಲ್ಲ, ಜಾಹೀರಾತು ಇಲ್ಲ, ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗಿಯೇ ಬೆಳೆದದ್ದು. ನಾನು ಮೊದಲ ಸಲ ಆಂಟಿ ಅಂದಾಗ, ನಿನಗಿಂತ ಹತ್ತು ವರ್ಷಕ್ಕೆ ದೊಡ್ಡವಳು ಅಷ್ಟೆ, ಇಲ್ಲಿ ಎಲ್ಲರಿಗೂ ಆಂಟಿಯಾಗಿ ಸಾಕಾಗಿದೆ, ನೀನಾದರೂ ಅಕ್ಕ ಅನ್ನು ಅಂದಿದ್ದರು. ಆವತ್ತು ಅವರು ಮಂಚದ ತುದಿಯಲ್ಲಿ ಕೂತು ದುಪಟ್ಟಾದ ಅಂಚನ್ನು ಸುತ್ತುತ್ತಿದ್ದರು.

ಮೂರು ಮಕ್ಕಳು ನಿಂತ ವಿಷಯ ಹೇಳಿದರು. ಮೂರೂ ಚೀನೀ ಕುಟುಂಬದವು. ಒಂದು ಮನೆಯವರು, ಅಜ್ಜಿ ಊರಿನಿಂದ ಬಂದಿದ್ದಾರೆ ಅಂದರಂತೆ. ಇನ್ನೊಬ್ಬರು ಮೆಸೇಜಿಗೆ ಉತ್ತರವನ್ನೇ ಕೊಡಲಿಲ್ಲವಂತೆ. ಒಂಬತ್ತನೇ ಮಹಡಿಯ ತಾಯಿ ಮಾತ್ರ, ಸಾರಿ, ನಮ್ಮ ಮನೆಯಲ್ಲಿ ದೊಡ್ಡವರಿಗೆ ಸರಿ ಅನ್ನಿಸುತ್ತಿಲ್ಲ ಅಂತ ಹೇಳಿ ಲಿಫ್ಟಿನ ಬಟನ್ ಒತ್ತುತ್ತಾ ನಿಂತರಂತೆ.

“ಏನ್ ತಪ್ಪು ಮಾಡ್ದೆ ಅಂತಾನೇ ಗೊತ್ತಾಗ್ತಿಲ್ಲ ಕಣೆ,” ಅಂದರು ಅಕ್ಕ. “ಒಂದು ದಿನ ಹುಡುಗಿಗೆ ಸಾರಿನಲ್ಲಿ ಖಾರ ಜಾಸ್ತಿ ಆಗಿತ್ತು. ಅದಾ? ಇನ್ನೊಂದು ದಿನ ಟೇಬಲ್ ಮೇಲೆ ಹತ್ಬೇಡ ಅಂತ ಸ್ವಲ್ಪ ಜೋರಾಗಿ ಗದರಿದ್ದೆ. ಅದಾ?”

ಆರು ವರ್ಷದ ಎಲ್ಲವನ್ನೂ ಹಾಗೆ ಒಂದೊಂದಾಗಿ ತೆಗೆದು ನೋಡುತ್ತಿದ್ದರು. ಬಂದ ಕಾರಣ ಇಷ್ಟು: ನಾನು ಇಂಗ್ಲಿಷ್ ಚೆನ್ನಾಗಿ ಬರೆಯುತ್ತೇನಲ್ಲ, ಆ ಮೂರು ಮನೆಯವರಿಗೂ ಒಂದು ಮರ್ಯಾದೆಯ ಪತ್ರ ಬರೆದುಕೊಡಬೇಕು. ನನ್ನಿಂದ ಏನಾದರೂ ತಪ್ಪಾಗಿದ್ದರೆ ದಯವಿಟ್ಟು ಹೇಳಿ ಅಂತ. ಇನ್ನಿಬ್ಬರು ಮಕ್ಕಳೂ ಹೋದರೆ ಇದನ್ನು ಮತ್ತೆ ಕಟ್ಟುವುದು ಆಗುವುದಿಲ್ಲ, ಈ ಬ್ಲಾಕಿನಲ್ಲಿ ಒಂದು ಸಲ ಬಾಯಿಗೆ ಬಿದ್ದರೆ ಮುಗಿಯಿತು ಅಂದರು. ನಾನು ತಕ್ಷಣ ಲ್ಯಾಪ್‌ಟಾಪ್ ತೆಗೆದೆ. ನಂಬುತ್ತೀರೋ ಇಲ್ಲವೋ, ನನಗೆ ಆಗಲೂ ಹೊಳೆಯಲಿಲ್ಲ. ಮೊದಲ ಸಾಲಿಗೆ ಯಾವ ಪದ ಘನವಾಗಿರುತ್ತದೆ ಅಂತ ಯೋಚಿಸುತ್ತಿದ್ದೆ.

ಮಾರನೆಯ ಬೆಳಗ್ಗೆ ಟ್ರೈನಿಗೆ ಮುಂಚೆ ಸೋಯಾ ಹಾಲು ಕುಡಿಯಲು ಹಾಕರ್ ಸೆಂಟರಿಗೆ ಹೋದೆ. ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು. ಸೋಯಾ ಆಂಟಿ ಲೋಟ ತುಂಬಿಸುತ್ತಾ ಹೇಳುತ್ತಿದ್ದರು, ಎಷ್ಟು ಸರಾಗವಾಗಿ ಅಂದರೆ ನಾನೇ ಹೇಳಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ದ ಲೇಡಿ ಆನ್ ದ ಫೋರ್ತ್ ಫ್ಲೋರ್. ಮುಂದೆ ನಿಂತಿದ್ದ ಮುದುಕಿ ಏನೋ ಕೇಳಿದರು. ಸೋಯಾ ಆಂಟಿ ಚೀನೀ ಭಾಷೆಯಲ್ಲಿ ಉತ್ತರಿಸುತ್ತಾ ತಲೆ ಎತ್ತಿ ನಮ್ಮ ಬ್ಲಾಕಿನ ಕಡೆ ಗದ್ದ ತೋರಿಸಿದರು. ಮುದುಕಿ ತಿರುಗಿ ನೋಡಿದರು. ನಾನೂ ನೋಡಿದೆ. ನಾಲ್ಕನೇ ಮಹಡಿಯ ಕಾರಿಡಾರಿನಲ್ಲಿ ಅಕ್ಕ ಮಕ್ಕಳ ಟವೆಲ್‌ಗಳನ್ನು ಒಣಹಾಕುತ್ತಿದ್ದರು.

ನನ್ನ ಸರದಿ ಬಂದಾಗ ಕೌಂಟರಿಗೆ ಅಂಟಿಸಿದ್ದ ನನ್ನ ಕಾರ್ಡನ್ನೇ ನೋಡುತ್ತಾ ನಿಂತೆ. ಸೋಯಾ ಆಂಟಿ ನನ್ನನ್ನು ನೋಡಿ ಖುಷಿಯಿಂದ ಕಾರ್ಡಿನ ಕಡೆ ಕೈ ಮಾಡಿ, ನೋ ಲುಕ್ ಆಲ್ಸೋ ಕ್ಯಾನ್ ಸೇ, ಅಂದರು. ನೋಡದೆಯೂ ಹೇಳಬಲ್ಲರಂತೆ.

ಇದನ್ನು ಯಾರ ಯಾರ ಮುಂದೆ ಹೇಳಿದಿರಿ ಅಂತ ಕೇಳಿದೆ. ಎಲ್ಲರ ಮುಂದೆ, ಅಭ್ಯಾಸ ಆಗಬೇಕಲ್ಲ ಅಂದರು. ಹಾಲಿಗೆ ಬರುವ ಅಜ್ಜಿಯರೆಲ್ಲ ಅರ್ಥ ಕೇಳಿದರಂತೆ, ಅರ್ಥ ಹೇಳಿದರಂತೆ. ನಮ್ಮ ಬ್ಲಾಕಿನ ನಾಲ್ಕನೇ ಮಹಡಿಯಲ್ಲಿ ಬೆಳ್ಳಿ ಎರವಲು ತರುವಂಥ ಭಾರತದ ಮನೆ ಒಂದೇ ತಾನೇ ಅಂತ ಅವರೇ ಲೆಕ್ಕ ಹಾಕಿದರಂತೆ. ಹೆಸರು ಕೆಟ್ಟಿದೆ ಅಂದಮೇಲೆ ಒಳ್ಳೆಯದನ್ನು ಇಟ್ಟುಕೊಂಡು ಬೇರೆ ಡಬ್ಬಿ ಕೊಟ್ಟಿರಬೇಕು ಅಂದರಂತೆ, ನಿಜವಾ ಅಂತಲೂ ಕೇಳಿದರಂತೆ.

“ಐ ಸೇ ಟೀಚರ್ ರೈಟ್ ಒನ್ ಲಾ,” ಅಂದರು ಸೋಯಾ ಆಂಟಿ. “ಟೀಚರ್ ಆಲ್ವೇಸ್ ಸೇ, ಆಲ್ ರಿಯಲ್ ಲೈಫ್.”

ಟೀಚರ್ ಬರೆದದ್ದು, ಟೀಚರ್ ಬರೆಯುವುದೆಲ್ಲ ನಿಜ. ಒಬ್ಬ ಅಮಾಯಕ ಹೆಂಗಸು ನನ್ನದೇ ಸಿದ್ಧಾಂತವನ್ನು ನನ್ನ ಮುಖಕ್ಕೆ ಹಿಡಿದಿದ್ದರು, ಅದೂ ಹೊಗಳಿಕೆಯ ಹಾಗೆ. ನಾನು ಆ ದಿನ ಆಫೀಸಿಗೆ ಹೋಗಲಿಲ್ಲ. ಮೈ ಸರಿಯಿಲ್ಲ ಅಂತ ಮೆಸೇಜ್ ಹಾಕಿ ಮತ್ತೆ ಏಳನೇ ಮಹಡಿಗೆ ಹೋದೆ.

ಓನರ್ ಆಂಟಿಗೆ ಏನೂ ಹೇಳದೆ ಆ ಭರಣಿ ಕೊಡಿ ಅಂದೆ. ಅವರು ಯಾಕೆ ಅಂತ ಕೇಳುತ್ತಲೇ ತೆಗೆದುಕೊಟ್ಟರು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದು, ಒಳಗೆ ಕಂಠದವರೆಗೆ ಕುಂಕುಮ. ಕುಂಕುಮದ ಭರಣಿಯನ್ನು ಮುತ್ತೈದೆಯರು ಬರಿದಾಗಿ ವಾಪಸ್ಸು ಕೊಡುವುದಿಲ್ಲ, ಅದು ನಮ್ಮ ಕಡೆಯ ಪದ್ಧತಿ. ಅಕ್ಕ ಆ ಪದ್ಧತಿಯಂತೆ ತುಂಬಿಸಿ ಕೊಟ್ಟಿದ್ದರು. ಓನರ್ ಆಂಟಿ ಅದನ್ನು ಮುಚ್ಚಳ ತೆಗೆಯದೆ, ಒರೆಸದೆ, ಇಲ್ಲಿಯ ಈ ಸೆಕೆಯಲ್ಲಿ ಆರು ವಾರ ಹಾಗೇ ಬಿಟ್ಟಿದ್ದರು. ಕುಂಕುಮ ಬೆವರಿದ ಹಾಗೆ ಒದ್ದೆಯಾಗಿ ಗೋಡೆಗೆ ಅಂಟಿಕೊಂಡಿತ್ತು.

ಕುಂಕುಮವನ್ನು ಒಂದು ಬಟ್ಟಲಿಗೆ ತೆಗೆದಿಟ್ಟು, ಹಳೇ ಟೂತ್‌ಬ್ರಶ್ಶಿಗೆ ವಿಭೂತಿ ಹಾಕಿ ಸಿಂಕಿನ ಹತ್ತಿರ ನಿಂತು ತಿಕ್ಕತೊಡಗಿದೆ. ಆಂಟಿ ಪಕ್ಕದಲ್ಲೇ ನಿಂತು, ಅವರವರ ಸಾಮಾನು ಅವರವರು ತಿಕ್ಕಿಕೊಳ್ಳಲಿ, ನಿನಗೇಕೆ ಈ ಉಸಾಬರಿ ಅನ್ನುತ್ತಿದ್ದರು. ನೀರು ಬೂದಿಬಣ್ಣಕ್ಕೆ ತಿರುಗಿತು. ತಳವನ್ನು ತಿರುಗಿಸಿ ಬ್ರಶ್ ಆಡಿಸಿದೆ. ಮೊದಲು ಒಂದು ಕೊಂಬು ಕಂಡಿತು. ಆಮೇಲೆ ಒಂದು ಸುಳಿ. ಚುಕ್ಕಿ ಚುಕ್ಕಿಯಾಗಿ ಕೊರೆದ ಎರಡು ಕನ್ನಡ ಅಕ್ಷರ. ನಮ್ಮ ಕಡೆ ಮದುವೆಗೆ ಕೊಡುವ ಪಾತ್ರೆಗಳ ಮೇಲೆ ಕೊರೆಸುತ್ತಾರಲ್ಲ, ಅದೇ.

ಓದಿ ಹೇಳಿದೆ. ಆಂಟಿ ಕನ್ನಡಕ ತರಲು ಹೋಗಲಿಲ್ಲ. ಭರಣಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಹೆಬ್ಬೆರಳಿನಿಂದ ತಳವನ್ನು ಸವರಿದರು. ಅವರ ತಾಯಿಯ ಹೆಸರಿನ ಅಕ್ಷರಗಳು. ತುಂಬ ಹೊತ್ತು ಸವರುತ್ತಲೇ ಇದ್ದರು.

ಆಗ ನಾನು ಎಲ್ಲವನ್ನೂ ಹೇಳಿದೆ. ಕಾರ್ಡು, ಸೋಯಾ ಆಂಟಿ, ಮೂರು ಮಕ್ಕಳು. ಹೇಳುತ್ತಾ ಹೇಳುತ್ತಾ ಸ್ವಲ್ಪ ಜೋರೇ ಆಯಿತು ನನ್ನ ದನಿ, ಇದೆಲ್ಲ ನಿಮ್ಮಿಂದಲೇ ಅನ್ನುವ ಹಾಗೆ. ಅವರು ಕೇಳಿಸಿಕೊಂಡು ಭರಣಿಯನ್ನು ಸೆರಗಿನಿಂದ ಒರೆಸಿದರು.

“ನಾನು ಬದಲಾಯಿಸಿದಳು ಅನ್ಲಿಲ್ಲ. ಬದಲಾಯಿಸಿದಾಳೇನೋ ಅಂದೆ,” ಅಂದರು. “ಅದೂ ನಮ್ಮನೆ ಅಡುಗೆಮನೇಲಿ, ಕನ್ನಡದಲ್ಲಿ. ಇಂಗ್ಲಿಷ್‌ನಲ್ಲಿ ಬರ್ದು ಊರಿಗೆಲ್ಲ ಹಂಚು ಅಂತ ನಿಂಗೆ ಯಾರು ಹೇಳಿದ್ರು?”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಅವರ ಮಾತು ನಿಜವಾಗಿತ್ತು. ಅವರ ಅನುಮಾನದಲ್ಲಿ ಒಂದು ‘ಏನೋ’ ಇತ್ತು. ನನ್ನ ವಾಕ್ಯದಲ್ಲಿ ಅದು ಇರಲಿಲ್ಲ, ಅದನ್ನು ತೆಗೆದವಳು ನಾನೇ. ವಾಕ್ಯ ಚಿಕ್ಕದಾಗಿ, ಅಂದವಾಗಿ ಇರಲಿ ಅಂತ. ಆಮೇಲೆ ಅದಕ್ಕೆ ನಿಜ ಜೀವನ ಅಂತ ಮುದ್ರೆ ಬೇರೆ ಒತ್ತಿದ್ದೆ.

ಶನಿವಾರ ಅಕ್ಕನ ಮನೆಗೆ ಮಕ್ಕಳು ಬರುವುದಿಲ್ಲ. ಮಧ್ಯಾಹ್ನ ಹೋದೆ. ಗೋಡೆಯ ಪಕ್ಕ ಐದು ಪುಟ್ಟ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಪತ್ರ ತಂದೆಯಾ ಅಂತ ಕೇಳಿದರು. ಇಲ್ಲ ಅಂತ ಹೇಳಿ, ನಿಂತುಕೊಂಡೇ ಎಲ್ಲವನ್ನೂ ಹೇಳಿಬಿಟ್ಟೆ. ಕೂತರೆ ಹೇಳಲಾರೆ ಅನ್ನಿಸಿತ್ತು. ಅವರು ಬೈಯಲಿಲ್ಲ, ಅಳಲಿಲ್ಲ. ಆ ಕಾರ್ಡು ಹತ್ತಿರ ಇದೆಯಾ ಅಂತ ಕೇಳಿದರು. ಬ್ಯಾಗಿನಲ್ಲಿತ್ತು.

“ಓದು.”

ಓದಿದೆ. ಮೂರು ವಾಕ್ಯ ಓದಲು ಎಷ್ಟು ಹೊತ್ತು ಬೇಕು? ಕೊನೆಯ ವಾಕ್ಯ ಮುಗಿದಾಗ ಅವರು ತಲೆ ಆಡಿಸಿದರು, ಲೆಕ್ಕಕ್ಕೆ ಉತ್ತರ ಸಿಕ್ಕಿದವರ ಹಾಗೆ.

“ಚೆನ್ನಾಗಿ ಬರ್ದಿದೀಯ,” ಅಂದರು. “ನಾನು ಆ ಮಗೂಗೆ ಖಾರ ಜಾಸ್ತಿ ಹಾಕ್ದೆ ಅಂತ ಮೂರು ದಿನದಿಂದ ಊಟ ಬಿಟ್ಟಿದೀನಿ.”

ಕ್ಷಮಿಸಿ ಅನ್ನಲು ಬಾಯಿ ತೆಗೆದೆ, ಅವರು ಕೈ ಎತ್ತಿ ತಡೆದರು. ಪತ್ರ ಬೇಡ ಅಂದರು. ಪತ್ರ ಕೊಟ್ಟರೆ ಅದನ್ನೂ ಯಾರೋ ಯಾರಿಗೋ ಓದಿ ಹೇಳುತ್ತಾರೆ. ನಾನೇ ಆ ಮೂರು ಮನೆಗೂ ಹೋಗಬೇಕು, ಬಾಗಿಲಲ್ಲಿ ನಿಂತು ಬಾಯಿಬಿಟ್ಟು ಹೇಳಬೇಕು, ದೊಡ್ಡ ದೊಡ್ಡ ಪದ ಹಾಕಬಾರದು.

ಭಾನುವಾರ ಕಲ್ಲುಮೇಜಿನ ಹತ್ತಿರ ಮೂವರೂ ಹಳೇ ಕಾರ್ಡು ಹಿಡಿದುಕೊಂಡು ಕೂತಿದ್ದರು, ಒಪ್ಪಿಸಲು ತಯಾರಾಗಿ. ಆ ಕಾರ್ಡುಗಳನ್ನು ವಾಪಸ್ಸು ಇಸಕೊಂಡು ಹೊಸದು ಕೊಟ್ಟೆ. ಟೀಚರ್ ಸುಳ್ಳು ಹೇಳಿದರು. ಡಬ್ಬಿ ಅದೇ ಡಬ್ಬಿ. ನಾಲ್ಕನೇ ಮಹಡಿಯ ಹೆಂಗಸು ಏನೂ ಮಾಡಿಲ್ಲ. ಇದನ್ನೂ ಇಪ್ಪತ್ತು ಸಲ, ಎಲ್ಲರ ಮುಂದೆ, ಅಂಗಡಿಯಲ್ಲೂ ಹೇಳಿ ಅಂದೆ. ಮೂವರೂ ಓದಿದರು. ಒಬ್ಬರ ಮುಖ ಒಬ್ಬರು ನೋಡಿದರು. ಸೋಯಾ ಆಂಟಿ ಕಾರ್ಡನ್ನು ಮೇಜಿನ ಮೇಲೆ ಬೋರಲು ಹಾಕಿ ನನ್ನ ಕಡೆ ಸರಿಸಿದರು.

“ದಿಸ್ ಒನ್ ಕೆನಾಟ್,” ಅಂದರು. “ಲಾವೊಶಿ ಟೆಲ್ ಲೈ, ಹೌ ಕ್ಯಾನ್ ಐ ಸೇ?”

ಮೇಷ್ಟ್ರು ಸುಳ್ಳು ಹೇಳಿದರು ಅಂತ ಶಿಷ್ಯರ ಬಾಯಲ್ಲಿ ಬರಬಾರದಂತೆ. ಎಷ್ಟು ಹೇಳಿದರೂ ಮೂವರೂ ಜಗ್ಗಲಿಲ್ಲ. ಇನ್ನೊಬ್ಬರ ಹೆಸರು ಕೆಡಿಸುವ ವಾಕ್ಯ ಹತ್ತೇ ದಿನದಲ್ಲಿ ಇಡೀ ಹಾಕರ್ ಸೆಂಟರ್ ಸುತ್ತಿತ್ತು. ಅದನ್ನು ಅಳಿಸುವ ವಾಕ್ಯ ಈ ಮೇಜಿನಿಂದ ಏಳುತ್ತಲೇ ಇರಲಿಲ್ಲ, ಅದೂ ನನ್ನ ಮೇಲಿನ ಗೌರವಕ್ಕಾಗಿ. ಕೊನೆಗೆ ಸೋಯಾ ಆಂಟಿ ಒಂದಕ್ಕೆ ಒಪ್ಪಿದರು. ನನ್ನ ಜೊತೆ ಮೂರು ಮನೆಗೂ ಬರುತ್ತಾರೆ, ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮನೆಯ ಹಿರಿಯರಿಗೆ ಚೀನೀ ಭಾಷೆಯಲ್ಲಿ ಹೇಳುತ್ತಾರೆ.

ಮೊದಲ ಮನೆಯಲ್ಲಿ ಕಬ್ಬಿಣದ ಗೇಟಿನ ಹಿಂದೆ ಒಬ್ಬ ಅಜ್ಜಿ ನಿಂತರು. ನಾನು ಎರಡು ವಾಕ್ಯ ಹೇಳಿದೆ. ಸೋಯಾ ಆಂಟಿ ಅದನ್ನು ಐದು ನಿಮಿಷ ಹೇಳಿದರು. ಅಜ್ಜಿ ನಕ್ಕು, ಗೇಟಿನ ಸಂದಿಯಿಂದ ನನ್ನ ಕೈ ತಟ್ಟಿದರು. ನನಗೆ ಅನುಮಾನ ಬಂತು. ಮೆಟ್ಟಿಲ ಹತ್ತಿರ ನಿಲ್ಲಿಸಿ, ಏನು ಹೇಳಿದಿರಿ ಅಂತ ಕೇಳಿದೆ. ಟೀಚರ್ ಇನ್ನೂ ಚಿಕ್ಕವಳು, ಬೇರೆ ದೇಶದವಳು, ಯಾರೋ ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಂಡಿಲ್ಲ, ಪಾಪ ಅಂತ ಹೇಳಿದರಂತೆ. ಅಕ್ಕನ ವಿಷಯ? ಅದು ಅವರಿಗೇ ಅರ್ಥವಾಗುತ್ತದಲ್ಲ ಅಂದರು.

ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಾನು ಹೇಳಿದ್ದು ಸುಳ್ಳು, ಅವರು ಏನೂ ತೆಗೆದುಕೊಂಡಿಲ್ಲ, ಇದಕ್ಕೆ ನಿಮ್ಮ ಭಾಷೆಯಲ್ಲಿ ಏನನ್ನಬೇಕು, ನನಗೇ ಕಲಿಸಿ ಅಂದೆ. ಮೊದಲು ಮೆತ್ತಗಿನ ಮಾತೊಂದನ್ನು ಹೇಳಿಕೊಟ್ಟರು, ತಪ್ಪಾಗಿ ಹೇಳಿದೆ ಅನ್ನುವಂಥದ್ದು. ಅದಲ್ಲ, ಸುಳ್ಳು ಅನ್ನುವ ಪದವೇ ಬೇಕು ಅಂದೆ. ಮೆಟ್ಟಿಲ ಮೇಲೆ ಕೆಳಗೆ ನೋಡಿ, ದನಿ ತಗ್ಗಿಸಿ ಹೇಳಿದರು. ಏಳೋ ಎಂಟೋ ಅಕ್ಷರ ಅಷ್ಟೆ. ರಾಗ ತಪ್ಪಿದರೆ ನನ್ನ ಗದ್ದವನ್ನು ಬೆರಳಿನಿಂದ ಮೇಲೆತ್ತಿ ಮತ್ತೆ ಹೇಳಿಸುತ್ತಿದ್ದರು. ನನ್ನ ಕ್ಲಾಸಿನಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಿ ಯಾವತ್ತೂ ಕಲಿಸಿರಲಿಲ್ಲ.

ಮೊದಲ ಮನೆಗೆ ಮತ್ತೆ ಹೋಗಿ ಹೇಳಿದೆ. ಅಜ್ಜಿಯ ನಗು ನಿಂತಿತು. ಎರಡನೇ ಮನೆಯಲ್ಲಿ ಒಬ್ಬ ಗಂಡಸು ಕೇಳಿಸಿಕೊಂಡು ಒಳಗೆ ಹೆಂಡತಿಯನ್ನು ಕರೆದರು, ಅವರ ಮುಂದೆಯೂ ಹೇಳಿದೆ. ಇಬ್ಬರೂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಒಂಬತ್ತನೇ ಮಹಡಿಯಲ್ಲಿ ಮಗುವಿನ ತಾಯಿಯೇ ಬಾಗಿಲು ತೆಗೆದರು. ನಾನು ಚೀನೀ ಭಾಷೆಯಲ್ಲಿ ಶುರುಮಾಡುತ್ತಿದ್ದ ಹಾಗೇ ಅವರು ಚೊಕ್ಕ ಇಂಗ್ಲಿಷಿನಲ್ಲಿ, ಗೊತ್ತಾಯಿತು, ನನಗೂ ಹಾಗೇ ಅನ್ನಿಸಿತ್ತು ಅಂದರು. ಆದರೆ ಮಗಳನ್ನು ಶಾಲೆಯಲ್ಲೇ ಸಂಜೆವರೆಗೆ ಮಕ್ಕಳನ್ನು ನೋಡಿಕೊಳ್ಳುವ ಸ್ಟೂಡೆಂಟ್ ಕೇರ್‌ಗೆ ಸೇರಿಸಿಯಾಗಿದೆ, ಅಲ್ಲಿ ಸೀಟು ಬಿಟ್ಟರೆ ಮತ್ತೆ ಸಿಗುವುದಿಲ್ಲ. ಅವರಿಗೆ ಹೇಳಿ, ಮಗಳು ಅವರ ಅನ್ನ ಸಾರನ್ನು ಕೇಳುತ್ತಾಳೆ ಅಂತ. ಅನುಮಾನವಿದ್ದೂ ಯಾಕೆ ಹಾಗೆ ಮಾಡಿದಿರಿ ಅಂತ ನಾನು ಕೇಳಲಿಲ್ಲ. ಕೇಳುವ ಬಾಯಿ ನನ್ನದಾಗಿರಲಿಲ್ಲ.

ಮುಂದಿನ ವಾರ ಎರಡು ಮಕ್ಕಳು ವಾಪಸ್ಸು ಬಂದವು. ಓನರ್ ಆಂಟಿ ನವರಾತ್ರಿಯ ಮೊದಲ ದಿನ ಅಕ್ಕನನ್ನು ಅರಿಶಿನ ಕುಂಕುಮಕ್ಕೆ ಕರೆದರು. ಅಕ್ಕ ಬಂದರು, ತಾಂಬೂಲ ತೆಗೆದುಕೊಂಡು ಹೋದರು. ಇಬ್ಬರೂ ಭರಣಿಯ ಮಾತೆತ್ತಲಿಲ್ಲ.

ಅದಕ್ಕೂ ಮೊದಲು, ಮೂರು ಮನೆಯ ಸುದ್ದಿ ಹೇಳಲು ಸೋಮವಾರ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಅಕ್ಕನ ಮನೆಗೆ ಹೋಗಿದ್ದೆ. ಉಳಿದಿದ್ದ ಇಬ್ಬರು ಮಕ್ಕಳು ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದರು, ಅಕ್ಕ ಸೇಬು ಹೆಚ್ಚುತ್ತಿದ್ದರು. ನಾನು ಬಾಗಿಲಲ್ಲೇ ನಿಂತು ಹೇಳಿದೆ. ಒಂಬತ್ತನೇ ಮಹಡಿಯವರ ಮಾತನ್ನು, ಅನ್ನ ಸಾರಿನ ಮಾತನ್ನೂ ಹೇಳಿದೆ. ಚಾಕು ಒಂದು ಗಳಿಗೆ ನಿಂತಿತು.

“ಖಾರ ಅಲ್ಲ ಹಾಗಾದ್ರೆ,” ಅಂದರು, ನನಗಲ್ಲ, ಸೇಬಿಗೆ ಹೇಳಿದ ಹಾಗೆ.

ಮಕ್ಕಳಲ್ಲಿ ದೊಡ್ಡವಳು ತಲೆ ಎತ್ತಿ, ಆಂಟಿ, ಹೂ ಈಸ್ ಶೀ ಅಂತ ಕೇಳಿದಳು. ಅಕ್ಕ ಯಾರ ಮುಂದಾದರೂ ನನ್ನನ್ನು ನಮ್ಮ ಬ್ಲಾಕಿನ ಇಂಗ್ಲಿಷ್ ಟೀಚರ್ ಅಂತ ಪರಿಚಯ ಮಾಡಿಕೊಡುವವರು. ಆವತ್ತು ತಟ್ಟೆಯನ್ನು ಮಕ್ಕಳ ಮುಂದೆ ಇಟ್ಟು, ಕೈ ಒರೆಸಿಕೊಂಡರು.

“ಸೆವೆಂತ್ ಫ್ಲೋರ್‌ನವಳು,” ಅಂದರು.

ಹುಡುಗಿ ಸೇಬಿನ ತುಂಡು ಬಾಯಿಗೆ ಹಾಕಿಕೊಂಡು ಮತ್ತೆ ಬಣ್ಣಕ್ಕೆ ಬಗ್ಗಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಲಿಫ್ಟಿನ ಕಡೆ ನಡೆದೆ.